ವಾಲಿಸಿ ಹಿಡಿದ ಚೆಂಡು

"ನಿನ್ನ ಈ ಧಡಧಡ ಸದ್ದಿಗೆ ನಮ್ಮ ಕೋಳಿಗಳು ಮೊಟ್ಟೆ ಇಡೋದೇ ನಿಲ್ಲಿಸಿವೆ. ಯಾರಪ್ಪಾ ನಿನ್ನ ಇಲ್ಲಿಗೆ ಬಿಟ್ಟಿದ್ದು?"

ನಾನು ಮೈಲೋಗೆ ಹೇಳಿದ ಮೊದಲ ಮಾತು ಇದು. ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳೆಲ್ಲ ಹಿಮದಡಿ ಮಲಗಿದ್ದ ಡಿಸೆಂಬರ್ ಅದು. ಅವನು ನಮ್ಮ ಟ್ರ್ಯಾಕ್ಟರ್ ಶೆಡ್ಡಿನ ತಗಡಿನ ಗೋಡೆಗೆ ಅಮೆರಿಕನ್ ಫುಟ್ಬಾಲಿನ ಚೂಪು ತುದಿಯ ಉದ್ದನೆ ಚೆಂಡನ್ನು ಒದೆಯುತ್ತಿದ್ದ.

"ನಿಮ್ಮಪ್ಪ ಬಿಟ್ಟಿದ್ದು," ಎಂದು ಟೋಪಿ ತೆಗೆದ. ಕಿವಿಗಳು ಕೆಂಪಗಾಗಿದ್ದವು. "ಮಾರ್ಚ್‌ನಲ್ಲಿ ಒಳಾಂಗಣ ಫುಟ್ಬಾಲ್ ತಂಡದ ಆಯ್ಕೆ ಇದೆ. ಒದೆಯೋ ಆಟಗಾರ ಒಬ್ಬ ಬೇಕಂತೆ. ಕೋಳಿಗಳ ಹತ್ರ ನಾನೇ ಕ್ಷಮೆ ಕೇಳ್ಲಾ?"

ನಗಬಾರದೆಂದುಕೊಂಡೆ. ಆಗಲಿಲ್ಲ.

ಮೈಲೋ ಮನೆಗಳಿಗೆ ಚಾವಣಿ ಹೊದಿಸುವವನು, ಚಳಿಗಾಲಕ್ಕೆ ಕೆಲಸವಿಲ್ಲ. ವಯಸ್ಸು ಮೂವತ್ತೊಂದು. ಇದು ತಪ್ಪಿದರೆ ಇನ್ನು ಯಾವ ತಂಡವೂ ತನ್ನನ್ನು ಕರೆಯದೆಂದು ಅವನಿಗೆ ಗೊತ್ತಿತ್ತು. ಒಳಾಂಗಣದಲ್ಲಿ ಚೆಂಡು ದಾಟಬೇಕಾದ ಎರಡು ಗೋಲು ಕಂಬಗಳ ನಡುವೆ ಒಂಬತ್ತೇ ಅಡಿ. ಆ ಅಳತೆಗೆ ಶೆಡ್ಡಿನ ತೊಲೆಯಿಂದ ಎರಡು ಹಗ್ಗ ಇಳಿಬಿಟ್ಟಿದ್ದ. ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಹಿಡಿಯಲು ಮಾತ್ರ ಯಾರೂ ಇರಲಿಲ್ಲ.

ಹೀಗೆ ನಾನು ಮಂಡಿಯೂರಿದೆ. ಬೆರಳ ತುದಿಯಿಂದ ಚೆಂಡಿನ ನೆತ್ತಿ ಒತ್ತಿ ಹಿಡಿಯಬೇಕು, ಹೊಲಿಗೆ ಕಂಬದ ಕಡೆಗಿರಬೇಕು.

"ಕಣ್ಣು ಬಿಡೇ, ಆರ್ಡಿತ್."

"ನಿನ್ನ ಬೂಟು ನೋಡಿದ್ರೆ ಭಯ ಕಣೋ. ಬೆರಳು ಹೋದ್ರೆ ಹಸು ಹಾಲು ನೀನು ಕರೀತೀಯಾ?"

"ಕರೀತೀನಿ. ಜೀವನಪೂರ್ತಿ ಬೇಕಾದ್ರೆ."

ಹೇಳಿದ್ದೇ ತಡ, ಅವನೇ ನಾಚಿ ಬೂಟಿನ ಲೇಸು ಕಟ್ಟತೊಡಗಿದ. ಅದು ಬಿಚ್ಚಿಯೇ ಇರಲಿಲ್ಲ.

ಮಧ್ಯಾಹ್ನದ ಬಿಸಿಲು ತಗಡಿನ ಸಂದಿಯಿಂದ ಇಳಿದು ಅವನ ಹೆಗಲ ಮೇಲೆ ಕೂರುತ್ತಿತ್ತು. ನಾನು ಅಪ್ಪನ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ, ಒಂದೇ ಲೋಟ. ಎರಡನೆಯದು ತರುವುದು ದಿನಾ ಮರೆಯುತ್ತಿದ್ದೆ ಅನ್ನಿ. ಫೆಬ್ರವರಿ ಮುಗಿಯುವ ಹೊತ್ತಿಗೆ ಹತ್ತಕ್ಕೆ ಒಂಬತ್ತು ಒದೆತ ಹಗ್ಗಗಳ ನಡುವೆ ಹೋಗುತ್ತಿದ್ದವು. ನನಗೆ ಖುಷಿ, ಅಷ್ಟೇ ಬೇಸರ. ಆ ತಂಡದ ಊರು ಮುನ್ನೂರು ಮೈಲಿ ದೂರವಿತ್ತು.

ಆಯ್ಕೆಯ ದಿನ ಅವನ ಪಿಕಪ್‌ನಲ್ಲೇ ಹೋದೆವು. ಐದು ಒದೆತದಲ್ಲಿ ಮೂರು ದಾಟಿದರೆ ಸೋಮವಾರದಿಂದ ತಂಡಕ್ಕೆ ಬರಬಹುದೆಂದರು ಕೋಚ್. ಚೆಂಡು ಹಿಡಿಯಲು ಅವರದೇ ಆಟಗಾರ ಕುಳಿತ. ನಾನು ಮೇಲೆ ಖಾಲಿ ಕುರ್ಚಿಗಳ ನಡುವೆ ಇದ್ದೆ.

ಮೊದಲ ಚೆಂಡು ಎಡಕ್ಕೆ ಹೊರಳಿ, ಕಂಬದ ಪಕ್ಕದ ಬಲೆಗೆ ಬಡಿದು ಮೈದಾನಕ್ಕೇ ಬಿತ್ತು.

ನನಗೆ ತಟ್ಟನೆ ಹೊಳೆಯಿತು. ಆ ಹುಡುಗ ಚೆಂಡನ್ನು ನೆಟ್ಟಗೆ ಹಿಡಿದಿದ್ದ. ನಾನು ಮೂರು ತಿಂಗಳೂ ಬೂಟಿನ ಭಯಕ್ಕೆ ಚೆಂಡನ್ನು ನನ್ನ ಕಡೆಗೆ ತುಸು ವಾಲಿಸಿಕೊಂಡೇ ಹಿಡಿದಿದ್ದೆ. ಮೈಲೋನ ಕಾಲು ಆ ವಾಲಿಕೆಗೇ ಪಳಗಿತ್ತು, ಅವನಿಗೇ ತಿಳಿಯದಂತೆ.

ಎರಡನೆಯದೂ ಎಡಕ್ಕೆ.

ಅವನು ಸೊಂಟದ ಮೇಲೆ ಕೈಯಿಟ್ಟು ತನ್ನ ಕಾಲನ್ನೇ ನೋಡಿಕೊಂಡ, ಮೋಸ ಮಾಡಿದ ಗೆಳೆಯನನ್ನು ನೋಡುವ ಹಾಗೆ. ಆ ನೋಟ ನನ್ನಿಂದ ತಡೆಯಲಾಗಲಿಲ್ಲ.

"ನಿನ್ನ ಕಡೆಗೆ ವಾಲಿಸಿ ಹಿಡ್ಕೋಪ್ಪಾ!" ಎಂದು ಎದ್ದು ನಿಂತು ಕೂಗಿದೆ. "ಒಂಚೂರು! ನಿನ್ನ ಕಡೆಗೆ!"

"ಯಾರ್ರೀ ಆ ಹೆಂಗಸು?" ಎಂದರು ಕೋಚ್.

"ನನಗೆ ಚೆಂಡು ಹಿಡಿಯೋಳು, ಸರ್," ಎಂದ ಮೈಲೋ. "ಅವಳು ಹೇಳಿದ ಹಾಗೇ ಹಿಡೀಲಿ."

ಉಳಿದ ಮೂರೂ ಕಂಬಗಳ ಮಧ್ಯೆ ದಾಟಿದವು.

ವಾಪಸ್ ಬರುವಾಗ ಅವನು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ಹಾಡುತ್ತಿದ್ದ. ನನಗೆ ಸುಮ್ಮನೆ ಕೂರಲಾಗಲಿಲ್ಲ.

"ಮೈಲೋ, ಮೊದಲನೇದು ತಪ್ಪಿದಾಗಲೇ ನನಗೆ ಗೊತ್ತಾಗಿತ್ತು."

"ಏನು?"

"ಚೆಂಡು ನೆಟ್ಟಗಿದೆ ಅಂತ. ಆದ್ರೂ ಎರಡನೇದಕ್ಕೆ ಬಾಯಿ ಬಿಡಲಿಲ್ಲ."

ಹಾಡು ನಿಂತಿತು. ಕಾಳಿನ ಕಣಜಗಳು ಒಂದಾದ ಮೇಲೊಂದು ಹಿಂದೆ ಸರಿದವು. ಎರಡು ಊರು ದಾಟಿದೆವು. ಇಳಿಸಿ ಹೋಗುತ್ತಾನೆ, ಅಷ್ಟೇ, ಅಂದುಕೊಂಡೆ.

"ಯಾಕೆ?" ಎಂದ ಕೊನೆಗೆ.

"ನೀನು ಹೋಗಬಾರದು ಅಂತ."

ಪಿಕಪ್ಪನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿದ. ನನ್ನ ಕಡೆ ತಿರುಗಿದಾಗ ಅವನ ಕಿವಿಗಳು ಮತ್ತೆ ಕೆಂಪಗಿದ್ದವು. ಒಳಗೆ ಹೀಟರ್ ಉರಿಯುತ್ತಿತ್ತು, ಚಳಿಯೇನೂ ಇರಲಿಲ್ಲ.

"ನನ್ನ ಉಳಿಸ್ಕೊಳ್ಳೋಕೆ ಅಂತ ಇಷ್ಟು ಕೆಟ್ಟ ಕೆಲಸ ಇದುವರೆಗೂ ಯಾರೂ ಮಾಡಿರಲಿಲ್ಲ ಕಣೇ," ಎಂದ.

"ಕೋಪಾನಾ?"

"ತುಂಬಾ. ಸೋಮವಾರ ಹೋಗೇ ಹೋಗ್ತೀನಿ. ಆಗಸ್ಟ್‌ನಲ್ಲಿ ಆಟ ಮುಗಿಯುತ್ತೆ. ಅಲ್ಲೀತನಕ ಕೋಪ ಇರುತ್ತೆ. ಆಮೇಲೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ."

"ಅಪ್ಪನ ಹತ್ರ ಯಾಕೆ? ನನ್ನ ಕೇಳು."

ಕೇಳಿದ. ಲಾರಿಯೊಂದು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿತು. ನನ್ನ ಉತ್ತರ ಆ ಸದ್ದಿನಲ್ಲಿ ಮುಳುಗಿಹೋಯಿತು. ಅದನ್ನು ಇನ್ನೊಮ್ಮೆ ಹೇಳಿಸಿದ, ಮತ್ತೂ ಒಮ್ಮೆ ಹೇಳಿಸಿದ. ಮೂರನೆಯ ಸಲಕ್ಕೆ ಲಾರಿ ಎಂದೋ ಹೋಗಿತ್ತು.