ಮೂವರು ಪಾಪಮ್ಮಂದಿರು

"ಬ್ಯಾಕಿಂಗ್ ನಂಬ್ಕೊಂಡು ಇನ್ನು ಕೂರಕ್ಕಾಗಲ್ಲ. ನಾನಂತೂ ಕೈಬಿಟ್ಟೆ."

ಬಾಗಿಲ ಹೊರಗೇ ಗಾನಶ್ರೀಯ ಕಾಲು ನಿಂತುಹೋಯಿತು. ಅದು ಯಶವಂತನ ದನಿ. 2002ರ ಯುಗಾದಿ ಕಳೆದ ವಾರ, ಬಣಕಲ್‌ನಲ್ಲಿ ಬೆಳ್ಳಿಯಪ್ಪನವರ ಆಫೀಸು. ಅವಳ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಹಣ ಹಾಕಿದ್ದ ಮೂವರು ಕಾಫಿ ಪ್ಲಾಂಟರುಗಳೂ ಒಳಗಿದ್ದರು. ಉಳಿದಿಬ್ಬರು ಬೈದರೆ ತಡೆದುಕೊಳ್ಳಬಹುದಿತ್ತು. ಯಶವಂತನೇ ಕೈಬಿಟ್ಟರೆ?

ಒಳಗೆ ಬಂದವಳನ್ನು ಬೆಳ್ಳಿಯಪ್ಪ ನೇರವಾಗಿ ಕೇಳಿದರು. "ಆಳುಗಳ ಹಾಜರಿ, ಸಂಬಳ ಎಲ್ಲಾ ಕಂಪ್ಯೂಟರಲ್ಲೇ ಬರುತ್ತೆ ಅಂದೆ. ಸಂಕ್ರಾಂತಿ ಅಂದೆ, ಶಿವರಾತ್ರಿ ಅಂದೆ, ಯುಗಾದಿನೂ ಆಯ್ತು. ಹಾಸನದ ಕಂಪನಿಯವ್ರು ಆಗ್ಲೇ ಕಳಸದಲ್ಲಿ ಇಂಥದ್ದೇ ಪ್ರೋಗ್ರಾಂ ಸಿಡಿ ಹಂಚ್ತಾ ಇದ್ದಾರಲ್ಲಮ್ಮ?"

"ಗೋಣಿಬೀಡಲ್ಲೂ ನಾಲ್ಕು ಎಸ್ಟೇಟಿಗೆ ಅವರದ್ದೇ ಹೋಯ್ತಂತೆ," ಎಂದರು ಷಡಕ್ಷರಿ. "ನಮ್ದು ಬರೋದ್ರೊಳಗೆ ಕೊಳ್ಳೋರು ಯಾರು ಉಳೀತಾರೆ?"

ಗಾನಶ್ರೀ ಯಶವಂತನತ್ತ ನೋಡಿದಳು. ಪ್ರತಿ ಗುರುವಾರ ಅವಳು ಅವನ ತೋಟಕ್ಕೆ ಹೋಗಿ ಪ್ರೋಗ್ರಾಂ ಪರೀಕ್ಷಿಸುತ್ತಿದ್ದಳು. ಸ್ಕ್ರೀನ್ ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದ ಅವನು ಸಿಕ್ಕಿಬಿದ್ದರೆ ಮಾನಿಟರಿನ ಧೂಳು ಒರೆಸುವ ನಾಟಕ ಆಡುತ್ತಿದ್ದ. ಇವತ್ತು ಕಿಟಕಿಯಾಚೆ ಆಕಾಶ ನೋಡುತ್ತ ಕೂತಿದ್ದ.

"ಕಂಪನಿ ಮುಚ್ಚಿಬಿಡ್ತೀನಿ ಸರ್," ಎಂದವಳೇ ಜಗುಲಿಗೆ ಬಂದುಬಿಟ್ಟಳು.

ಯಶವಂತ ಹಿಂದೆಯೇ ಓಡಿಬಂದ. "ಯಾಕೆ ಹಾಗಂದ್ರಿ?"

"ನನ್ನ ಕಂಪನಿಗೆ ಬ್ಯಾಕಿಂಗ್ ಇಲ್ಲ, ಕೈಬಿಟ್ಟೆ ಅಂದವ್ರು ನೀವೇ ಅಲ್ವಾ?"

"ಅಯ್ಯೋ, ಅದು ಮಳೆ ಮಾರಾಯ್ತಿ! ಕಾಫಿ ಹೂವಾಗಿ ಹದಿನೆಂಟು ದಿನ ಆಯ್ತು, ಕಾಯಿ ಕಚ್ಚೋಕೆ ಬೇಕಾದ ಬ್ಯಾಕಿಂಗ್ ಮಳೆ ಬಂದಿಲ್ಲ. ಇನ್ನು ಕಾಯಲ್ಲ, ಸ್ಪ್ರಿಂಕ್ಲರ್ ಹಾಕಿಸ್ತೀನಿ ಅಂತಿದ್ದೆ."

ಇಷ್ಟು ದಿನ ಬರೀ 'ಗಾನಶ್ರೀಯವ್ರೇ' ಎನ್ನುತ್ತಿದ್ದವನ ಬಾಯಲ್ಲಿ ಮೊದಲ ಸಲ ಮಾರಾಯ್ತಿ ಬಂದಿತ್ತು. ಅವಳ ಕಿವಿ ಬಿಸಿಯಾಯಿತು. ಆದರೆ ಭಯ ಇಳಿಯಲಿಲ್ಲ.

"ಪ್ರೋಗ್ರಾಂ ಕೊಡೋ ಡೇಟ್ ಕೇಳಿದ್ರೆ ನಾನೇನು ಹೇಳ್ಲಿ? ನಿಮ್ಮ ತೋಟದಲ್ಲಿ ಮೂರು ಜನ ಪಾಪಮ್ಮ ಇದ್ದಾರೆ, ಒಬ್ಬಳ ಹಾಜರಿ ಇನ್ನೊಬ್ಬಳಿಗೆ ಹೋಗ್ಬಾರ್ದು ಅಂದ್ರಿ. ಅದಕ್ಕೇ ಮೂರು ವಾರ ಹೋಯ್ತು."

ಯಶವಂತನ ಮುಖ ಬಿಳಿಚಿಕೊಂಡಿತು. "ನಮ್ಮ ತೋಟದಲ್ಲಿ ಇರೋದು ಒಬ್ಬಳೇ ಪಾಪಮ್ಮ."

"ಏನಂದ್ರಿ?"

"ಪ್ರತಿ ಗುರುವಾರ ಏನಾದ್ರೂ ಒಂದು ತಿದ್ದುಪಡಿ ಹುಡುಕ್ತಿದ್ದೆ. ಕೆಲಸ ಮುಗಿದ್ರೆ ನೀವು ಬರೋಕೆ ಕಾರಣ ಇರಲ್ಲ ಅಂತ ಭಯ ಆಯ್ತು. ನಿಮ್ಮನ್ನ ನೋಡ್ದೆ ಇರೋಕೆ ನನ್ನಿಂದ ಆಗಲ್ಲ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಲ್ಲೇ ಅತ್ತುಬಿಡಬೇಕೆಂದೂ ಅನಿಸಿತು. "ನನ್ನ ಕಂಪನಿ ಮುಳುಗ್ತಾ ಇತ್ತು. ನಂಗೆ ಮೂರು ವಾರ ನಿದ್ದೆ ಇಲ್ಲ. ಒಳಗೆ ಹೋಗಿ ಇದನ್ನೇ ಹೇಳಿ."

"ಬೆಳ್ಳಿಯಪ್ಪನವ್ರ ಮುಂದೆ?"

"ಅವ್ರ ಮುಂದೇನೇ."

ಅವನು ಹೋಗಿ ಹೇಳಿದ. ತಡವಾದದ್ದು ತನ್ನಿಂದ ಎಂದ. ಪಾಪಮ್ಮನ ವಿಷಯ ಹೇಳಿದ, ಗುರುವಾರದ್ದನ್ನೂ ಬಿಡಲಿಲ್ಲ. ಷಡಕ್ಷರಿಯವರ ಕಾಫಿ ಲೋಟ ಕೈಯಲ್ಲೇ ಉಳಿಯಿತು. ಗಾನಶ್ರೀ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಈಗ ಇವರು ಕೈಬಿಟ್ಟರೆ ಕಂಪನಿಯೂ ಹೋಯಿತು, ಈ ಮನುಷ್ಯನ ಮಾನವೂ ಹೋಯಿತು.

"ಹಾಸನದವ್ರೇ ನಮಗೆ ವೈರಿ ಅಂದ್ಕೊಂಡಿದ್ದೆ," ಎಂದರು ಬೆಳ್ಳಿಯಪ್ಪ ಕೊನೆಗೆ. "ಪಕ್ಕದಲ್ಲೇ ನೀನಿದ್ದೀಯಲ್ಲಯ್ಯಾ!" ಆಮೇಲೆ ಅವಳತ್ತ ತಿರುಗಿದರು. "ಇಲ್ಲದ ಇಬ್ಬರನ್ನ ಬಿಟ್ಟು ಯಾವತ್ತು ಕೊಡ್ತೀಯಮ್ಮ?"

"ಬುಧವಾರ ಸರ್."

"ಬುಧವಾರ ಬರ್ಲಿಲ್ಲ ಅಂದ್ರೆ ನಾವು ತಗೊಳ್ಳೋದು ಹಾಸನದ ಸಿಡಿನೇ." ಅವರ ಮುಖದಲ್ಲಿ ನಗುವಿರಲಿಲ್ಲ.

ಅವಳು ತಲೆಯಾಡಿಸಿದಳು. ಹೊರಡುವಾಗ ತಲೆ ಬಗ್ಗಿಸಿ ಕೂತಿದ್ದ ಯಶವಂತನ ಪಕ್ಕ ಒಂದು ಕ್ಷಣ ನಿಂತಳು.

"ಗುರುವಾರ ತೋಟಕ್ಕೆ ಬರ್ತೀನಿ."

"ಬುಧವಾರಕ್ಕೇ ಮುಗಿಯುತ್ತಲ್ಲ. ಗುರುವಾರ ಏನು ಕೆಲಸ?"

"ಕೆಲಸ ಏನಿಲ್ಲ ಮಾರಾಯ. ಸುಮ್ನೆ ಬರ್ತೀನಿ."