ಕಿಸೆಯಲ್ಲಿದ್ದ ಚಾವಿ

ರಾಯಚೂರಿನ ಲೇತ್ ಅಂಗಡಿಗೆ ಸೇರಿದ ವಾರವೇ ನಾನೊಂದು ತಪ್ಪು ಮಾಡಿದೆ. ಕರೆಂಟ್ ಹೋದಾಗ ಸ್ವಿಚ್ ಆರಿಸದೆ, ಕೊರೆಯುವ ತುಂಡನ್ನು ಹಿಡಿದು ತಿರುಗುವ ಚಕ್ಕನ್ನು ಬಿಗಿಯುವ ಕಬ್ಬಿಣದ ಚಾವಿಯನ್ನು ಅದರಲ್ಲೇ ಬಿಟ್ಟಿದ್ದೆ. ಕರೆಂಟ್ ಬಂದದ್ದೇ ತಡ, ಲೇತ್ ತಿರುಗಿ ಚಾವಿ ಸಿಡಿಯಿತು. ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿದು, ಅದರ ತುದಿ ಜಜ್ಜಿಹೋಯಿತು.

ಅಂದಿನಿಂದ ಚಾವಿಯನ್ನು ಮೊಳೆಗೆ ತೂಗುಹಾಕಿ ಊಟಕ್ಕೆ ಹೋದರೂ, ಬಂದಾಗ ಅದು ಚಕ್ಕಿನಲ್ಲೇ ಇರುತ್ತಿತ್ತು, ಯಾರೋ ಆಗಷ್ಟೇ ಹಿಡಿದಿದ್ದಂತೆ ಬೆಚ್ಚಗೆ. ನನ್ನ ಗುಮಾನಿ ಜೊತೆಗೆ ದುಡಿಯುವ ಅಮರೇಶನ ಮೇಲೆ. ಕೇಳಿಯೇಬಿಟ್ಟೆ.

"ನಾ ಯಾಕ ಮುಟ್ಲಿ ಲೇ? ನಾಳಿ ಮಾನ್ವಿಗೆ ಹೊಂಟೀನಿ. ಚಾವಿ ಕಿಸೇದಾಗ ಇಟ್ಕೊಂಡು ನೋಡು," ಎಂದ.

ಮರುದಿನ ಹಾಗೇ ಮಾಡಿದೆ. ಶಟರ್ ಎಳೆದು, ಬೀಗ ಹಾಕಿ ಊಟಕ್ಕೆ ಹೋದೆ. ಬಂದು ತೆಗೆದರೆ ಚಕ್ಕಿನಲ್ಲಿ ಅದೇ ಜಜ್ಜಿದ ತುದಿಯ ಚಾವಿ. ಕಿಸೆಗೆ ಕೈ ಹಾಕಿದೆ. ಅಲ್ಲಿಯೂ ಇತ್ತು, ಅದರ ತುದಿಯೂ ಜಜ್ಜಿಹೋಗಿತ್ತು.

ಚಕ್ಕಿನದು ಬೆಚ್ಚಗಿತ್ತು. ಆ ಬಿಸಿಲಲ್ಲಿ ನನ್ನ ಮೈಗೇ ಅಂಟಿಕೊಂಡಿದ್ದ ಕಿಸೆಯದು ತಣ್ಣಗಿತ್ತು.