ಗೋಡೆಯ ಪರದೆಯ ಕೊನೆಯ ಸಾಲು

"ನಮ್ಮಪ್ಪಂಗೆ ಆಂಬುಲೆನ್ಸ್ ಇನ್ನೂ ಬಂದಿಲ್ಲ!"

ಆ ಹೆಂಗಸು ಎರಡನೇ ಸಲ ಫೋನ್ ಮಾಡಿ ಕೂಗಿದ್ದು ಕಂಟ್ರೋಲ್ ರೂಮಿಗೆಲ್ಲ ಕೇಳಿಸಿತು. ಮೊದಲ ಸಲವೇ ಆಪರೇಟರ್ ವಿಳಾಸ ಟೈಪ್ ಮಾಡಿದ್ದಳು. ಅದು ಗೋಡೆಯ ದೊಡ್ಡ ಪರದೆಯ ಮೇಲೆ ಬರಬೇಕು. ಅಲ್ಲಿ ನೋಡಿ, ನಾವೆಲ್ಲ ಅಣ್ಣ ಎಂದು ಕರೆಯುವ ಹಿರಿಯರು ಗಾಡಿ ಕಳಿಸಬೇಕು. ಇಲ್ಲಿ ಕೇಳಿಸಿಕೊಳ್ಳುವವರು ಒಬ್ಬರು, ಕಳಿಸುವವರು ಇನ್ನೊಬ್ಬರು, ನಡುವೆ ಆ ಗೋಡೆ. ಆದರೆ ಗೋಡೆಯ ಮೇಲೆ ಆ ಸಾಲೇ ಕಂಡಿರಲಿಲ್ಲ.

ಗಾಡಿ ಓಡಿತು. ಮುದುಕರಿಗೆ ಪಾರ್ಶ್ವವಾಯು ಹೊಡೆದಿತ್ತು. ಉಳಿಯುತ್ತಾರೋ ಇಲ್ಲವೋ? ಆಸ್ಪತ್ರೆಯವರು ಬಾಯಿ ಬಿಡಲಿಲ್ಲ.

ಗೋಡೆಯ ಮೇಲೆ ವಿಳಾಸಗಳನ್ನು ತೋರಿಸುವ ವೆಬ್ ಪುಟ ಮಾಡಿದವಳು ನಾನು. ಚಿಕ್ಕ ಪರದೆಗೆಂದು ಮಾಡಿದ್ದನ್ನು ಈ ಹೊಸ ಪರದೆಗೆ ಹಿಂದಿನ ದಿನವಷ್ಟೇ ಹಿಗ್ಗಿಸಿದ್ದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿಕೊಂಡೆ. ಮೇಲಿನ ಮಹಡಿಯಿಂದ ಓಡಿಬಂದು ನೋಡಿದರೆ—ಸಾಲುಗಳೆಲ್ಲ ಸರಿಯಾಗಿಯೇ ಇವೆ! ಹಾಗಾದರೆ ಆಗ ಏನಾಗಿತ್ತು?

ಮಧ್ಯಾಹ್ನ ಕೇಂದ್ರ ಕಚೇರಿಯಿಂದ ಜಿಗಣೆ ಮೇಡಂ ತನಿಖೆಗೆ ಬಂದರು. ಹೆಸರು ನಾವಿಟ್ಟದ್ದು, ಕಚ್ಚಿದರೆ ಬಿಡುವವರಲ್ಲ. ನನ್ನನ್ನೂ, ಪರದೆ ಕೂರಿಸಿದ ಮೆಕ್ಯಾನಿಕ್‌ನನ್ನೂ, ಅಣ್ಣನನ್ನೂ ಒಂದೇ ಮೇಜಿಗೆ ಕೂರಿಸಿದರು.

"ಪುಟ ಹೇಗೆ ಹಿಗ್ಗಿಸಿದ್ರಿ?"

"ಅಗಲ, ಎತ್ತರ ಎರಡೂ ಅಳೆದೆ ಮೇಡಂ. ಯಾವ ಕಡೆ ಜಾಗ ಮೊದಲು ಮುಗಿಯುತ್ತೋ ಅಲ್ಲಿಗೇ ನಿಲ್ಲಿಸಿದೆ. ಪಕ್ಕದಲ್ಲಿ ಖಾಲಿ ಉಳಿಯುತ್ತೆ, ಸಾಲು ಯಾವ್ದೂ ಹೊರಗೆ ಹೋಗಲ್ಲ."

"ಪರೀಕ್ಷೆ ಮಾಡಿದ್ರಾ?"

"ನನ್ನ ಕಂಪ್ಯೂಟರ್‌ನಲ್ಲಿ—"

"ಈ ಗೋಡೆ ಮೇಲೆ?"

ಮಾಡಿರಲಿಲ್ಲ.

ಮೆಕ್ಯಾನಿಕ್‌ಗೆ ಅಷ್ಟೇ ಸಾಕಾಯಿತು. "ಇವ್ರು ಅಗಲ ಒಂದೇ ನೋಡಿರ್ತಾರೆ ಮೇಡಂ. ಹಾಸಿಗೆಗಿಂತ ಉದ್ದ ಕಾಲು ಚಾಚಿದ್ರೆ ಹೊರಗೆ ಬರದೆ ಇನ್ನೇನಾಗುತ್ತೆ? ನನ್ನ ಪರದೆ ಚಿನ್ನದಂಥದ್ದು."

ನಿಜವಾಗಿಯೂ ಹಾಗೇ ಮಾಡಿಬಿಟ್ಟೆನೇ? ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಹೋಗತೊಡಗಿತು. ಕೆಲಸ ಹೋದರೆ ಹೋಗಲಿ, ಆ ಮುದುಕರು ಹೋದರೆ?

ಜಿಗಣೆ ಮೇಡಂ ರೂಮಿನ ಕ್ಯಾಮೆರಾದಲ್ಲಿ ಸಿಕ್ಕ ಬೆಳಗಿನ ಫೋಟೋ ಅಣ್ಣನ ಕೈಗೆ ಕೊಟ್ಟರು. ಆ ಕ್ಯಾಮೆರಾಕ್ಕೆ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. "ಪರದೇಲಿ ಕೊನೇ ವಿಳಾಸ ಯಾವ್ದು, ಹೇಳಿ."

ಅಣ್ಣ ಫೋಟೋವನ್ನು ಮೇಜಿನ ಮೇಲಿಟ್ಟರು. "ನಿಮಗೆ ಗೊತ್ತಿರೋದೇ ಅಲ್ವಾ ಮೇಡಂ, ನೀವೇ ಹೇಳಿ." ಹಳಬರ ಬಿಗುಮಾನ ಎಂದುಕೊಂಡೆ. ಈ ರೂಮಿನ ಕೆಲಸವನ್ನು ನನಗೆ ಕೈಹಿಡಿದು ಕಲಿಸಿದವರು ಅವರು.

ಮೇಡಂ ಫೋಟೋ ಎಳೆದುಕೊಂಡರು.

"ಬೆಳಗಿಂದ ಎಲ್ಲರೂ ಕೆಳಗಿನ ಸಾಲು ಹೋಗಿದ್ದನ್ನೇ ನೋಡ್ತಿದ್ದೀರಿ. ಮೇಲೆ ಯಾಕೆ ನೋಡ್ಲಿಲ್ಲ?"

ಬಗ್ಗಿ ನೋಡಿದೆ. ತಲೆಬರಹದ ಮೇಲರ್ಧ ಇರಲಿಲ್ಲ!

"ಪುಟ ಉದ್ದ ಆದ್ರೆ ಕೆಳಗೆ ಇಳಿಯುತ್ತೆ, ಮೇಲಕ್ಕೆ ಹತ್ತುತ್ತಾ? ಇಲ್ಲಿ ಮೇಲೂ ಹೋಗಿದೆ, ಕೆಳಗೂ ಹೋಗಿದೆ. ಪಕ್ಕದ ಖಾಲಿ ಜಾಗಾನೂ ಇಲ್ಲ. ಹಿಗ್ಗಿದ್ದು ಪುಟ ಅಲ್ಲ—ಯಾರೋ ರಿಮೋಟ್ ತಗೊಂಡು ಇಡೀ ಚಿತ್ರಾನೇ ಜೂಮ್ ಮಾಡಿದ್ದಾರೆ. ಆಮೇಲೆ ಮೊದಲಿನ ಹಾಗೇ ಇಟ್ಟಿದ್ದಾರೆ."

"ನಾನಲ್ಲ!" ಮೆಕ್ಯಾನಿಕ್ ಎದ್ದೇಬಿಟ್ಟ.

"ಕೂತ್ಕೊಳ್ಳಿ. ನೀವು ಏಣಿ ತಗೊಂಡು ಹೋದ ಮೇಲಿನ ಫೋಟೋದಲ್ಲೂ ತಲೆಬರಹ ಪೂರ್ತಿ ಇದೆ. ಅಕ್ಷರ ದೊಡ್ಡದಾಗ್ಲೇಬೇಕು ಅಂತ ಯಾರಿಗಿತ್ತು? ಫೋಟೋ ಕೈಗೆ ಕೊಟ್ರೂ ಓದೋಕಾಗದೇ ಇರೋರಿಗೆ." ಅವರು ಅಣ್ಣನ ಕಡೆ ತಿರುಗಿದರು. "ಯಾವಾಗಿಂದ ಕಾಣಿಸ್ತಿಲ್ಲ?"

ಅಣ್ಣ ಕಣ್ಣುಜ್ಜಿಕೊಂಡರು.

"ಕಣ್ಣು ಮಂಜಾಗಿ ತುಂಬಾ ದಿನ ಆಯ್ತು. ಹೇಳಿದ್ರೆ ಈ ಕುರ್ಚಿಯಿಂದ ಎಬ್ಬಿಸ್ತಾರೆ ಅಂತ ಹೆದರಿಕೆ. ದೊಡ್ಡ ಪರದೆ ಕೊಡಿಸಿ ಅಂತ ಎಲ್ಲರ ದುಂಬಾಲು ಬಿದ್ದೋನೇ ನಾನು. ಬಂತು—ನೋಡಿದ್ರೆ ಅಕ್ಷರ ಸಣ್ಣದೇ, ಪಕ್ಕದಲ್ಲೆಲ್ಲ ಖಾಲಿ. ಪುಟ್ಟಿ ಯಾಕೆ ಹಾಗೆ ಬಿಟ್ಟಳೋ ಅಂದ್ಕೊಂಡು ಒತ್ತಿದೆ. ಗೋಡೆ ತುಂಬ ಅಕ್ಷರ! ಎಷ್ಟೋ ದಿನದ ಮೇಲೆ ನಾನೇ ಓದ್ದೆ. ಕೆಳಗೆ ಇನ್ನೊಂದು ಸಾಲು ಇತ್ತು ಅಂತ... ಆ ಹೆಂಗಸು ಕೂಗಿದಾಗ್ಲೇ ಹೊಳೆದಿದ್ದು. ತಕ್ಷಣ ಮೊದಲಿನ ಹಾಗೇ ಇಟ್ಟೆ."

"ಎಲ್ಲರೂ ನನ್ನ ಕಡೆ ಬೊಟ್ಟು ಮಾಡ್ತಿದ್ರಲ್ಲ ಅಣ್ಣ, ಆಗ?"

"ಸುಮ್ನೇ ಇದ್ದೆ ಪುಟ್ಟಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಬರೆ ತಪ್ಪಿತೆಂದು ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಆ ಪುಟವನ್ನು ಯಾರು ಓದುತ್ತಾರೆ, ಎಲ್ಲಿ ಕೂತು ಓದುತ್ತಾರೆ ಎಂದು ನಾನೂ ಒಮ್ಮೆ ಕೆಳಗಿಳಿದು ಕೇಳಿರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಜಿಗಣೆ ಮೇಡಂ ಕೇಳಿಸಿಕೊಂಡು ಮೆಲ್ಲಗೆ ಇಟ್ಟರು.

"ಜೀವಕ್ಕೇನೂ ಭಯವಿಲ್ಲ. ಮಾತು ಹೋಗಿದೆ. ಇನ್ನಷ್ಟು ಬೇಗ ಕರ್ಕೊಂಡು ಬಂದಿದ್ರೆ ಉಳೀತಿತ್ತಂತೆ."

ಅಣ್ಣ ಫೋನನ್ನು ತಮ್ಮ ಕಡೆ ಎಳೆದುಕೊಂಡು, ಆ ಹೆಂಗಸಿನ ನಂಬರ್ ಓದಿ ಹೇಳೆಂದು ನನ್ನನ್ನು ಕೇಳಿದರು. ಹೇಳಿದೆ. ಗುಂಡಿಗಳನ್ನು ಬೆರಳಲ್ಲಿ ತಡವಿ ತಡವಿ ಒತ್ತಿದರು.

"ತಾಯಿ, ನಿಮ್ಮಪ್ಪಂಗೆ ಗಾಡಿ ತಡ ಆಗಿದ್ದು ನನ್ನಿಂದ. ಬೇರೆ ಯಾರದ್ದೂ ತಪ್ಪಿಲ್ಲ."

ಆ ಕಡೆಯಿಂದ ಬಂದ ಕೂಗು ಮೇಜಿನ ಸುತ್ತ ಕೂತವರಿಗೆಲ್ಲ ಕೇಳಿಸಿತು. ಅದು ಮುಗಿಯುವವರೆಗೂ ಅಣ್ಣ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.